ದೊಡ್ಡಪ್ಪನ ಪೆಟ್ರೋಲ್ ಮುಳ್ಳು

ಶೆಡ್ಡಿನ ಹೊರಗಡೆ, ಬಟ್ಟೆ ಒಗೆಯೋ ಕಲ್ಲಿನ ಮೇಲಿಂದ
ಗುರುವಾರ, ಓಣಿಯವರೆಲ್ಲಾ ಮಲಗಿದ ಮೇಲೆ

…ಮೊಣಕೈ ಚರ್ಮ ಕಿತ್ತು ಬಂತು, ಓನರ್ ಆಂಟಿ ಮುಖ ಊದಿಸ್ಕೊಂಡು ದಢಾರಂತ ಬಾಗಿಲು ಹಾಕ್ಕೊಂಡ್ರು, ಡಿಪೋ ಮಾವ ನಕ್ಕೂ ನಕ್ಕೂ ಕೆಮ್ಮು ಬರಿಸ್ಕೊಂಡ್ರು. ಇಷ್ಟೆಲ್ಲಾ ಆದ್ಮೇಲೆ ಸ್ನಾನ ಮಾಡೋಣ ಅಂತ ಬಂದ್ರೆ ನಲ್ಲೀಲಿ ನೀರಿಲ್ಲ! ಮೇಲಿನ ಟ್ಯಾಂಕ್ ಖಾಲಿ. ಇವತ್ತು ನನ್ನ ಹಣೇಲಿ ಬರೆದಿದ್ದೇ ಖಾಲಿ ಟ್ಯಾಂಕ್ ಅಂತ ಕಾಣುತ್ತೆ. ಬೆರಳಿಗೆಲ್ಲಾ ಗ್ರೀಸು, ಫೋನ್ ಮೇಲೆ ಜಾರುತ್ತೆ, ಅದಕ್ಕೇ ಬರೆಯಲ್ಲ, ಮಾತಾಡಿ ಕಳಿಸ್ತೀನಿ. ನೀನೂ ಹೇಗಿದ್ರೂ ಸಣ್ಣ ಅಕ್ಷರ ಓದಲ್ಲ. ಶುರುವಿನ ಮಾತು ಅರ್ಧಂಬರ್ಧ ಬಂದಿದ್ರೆ ಬೇಜಾರ್ ಮಾಡ್ಕೋಬೇಡ, ಬಟನ್ ಒತ್ತೋದಕ್ಕೆ ಮೊದಲೇ ಬೈಯೋಕೆ ಶುರು ಮಾಡಿಬಿಟ್ಟಿದ್ದೆ.

ಅಪ್ಪಾ, ನನ್ನ ಮುದ್ದಿನ ಹಠಮಾರಿ ಅಪ್ಪಾ, ಹೇಗಿದೀಯ? ಉತ್ತರ ನನಗೇ ಗೊತ್ತು ಬಿಡು. "ಗುಂಡುಕಲ್ಲಿನ ಹಾಗಿದೀನಿ" ಅಂತೀಯ. ಮಾತ್ರೆ ತಗೊಂಡ್ಯಾ ಅಂದ್ರೆ "ಹೂಂ" ಅಂತೀಯ. ಆ ಹೂಂ ಕೇಳಿದ್ರೆ ಸಾಕು, ಮಾತ್ರೆ ಹೊಟ್ಟೆ ಒಳಗಿದೆಯೋ ಕಿಟಕಿ ಆಚೆಗಿದೆಯೋ ಅಂತ ಇಲ್ಲಿಂದಲೇ ಹೇಳ್ತೀನಿ. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು, ಗೋಡೆ ಬಣ್ಣ ನೋಡೋ ಹಾಗೆ ನಟಿಸಿ, ಉಸಿರು ತಗೊಳ್ಳೋ ಆಟ ಇನ್ನೂ ನಡೀತಿದೆಯಾ? ಅಮ್ಮನ ಮಂಡಿ ನೋವು ಹೇಗಿದೆ? ಅಕ್ಕ ಇನ್ನೂ ನನ್ನ ದಿಂಬಿನ ಮೇಲೇ ಮಲಗ್ತಾಳಾ? ಅದು ನನ್ನದು ಅಂತ ಹೇಳು, ದೂರ ಇದೀನಿ ಅಂತ ಬಿಟ್ಟುಕೊಟ್ಟಿಲ್ಲ. ನಿನ್ನ ಅಂಗಡಿ ಮುಂದೆ ರಿಪೇರಿಗೆ ಬಂದ ಪಂಪುಗಳು ಸಾಲಾಗಿ ಕೂತಿರುತ್ತವೆ ಅಂತಲೂ ಗೊತ್ತು. ಕೂತಿರಲಿ. ನೀರು ಎತ್ತೋ ಪಂಪುಗಳು ಎಷ್ಟು ದಿನ ಬೇಕಾದ್ರೂ ಕಾಯುತ್ತವೆ, ನಿನ್ನ ಎದೆ ಒಳಗಿರೋ ಪಂಪು ಕಾಯಲ್ಲ ಅಂತ ಡಾಕ್ಟರ್ ಹೇಳಿದಾಗ ನಾನೂ ಅದೇ ರೂಮಲ್ಲಿ ನಿಂತಿದ್ದೆ. ಎರಡು ಕಡೆ ರಕ್ತದ ದಾರಿ ಕಟ್ಟಿಕೊಂಡಿದೆ, ಆಪರೇಷನ್ ಆಗಲೇಬೇಕು ಅಂದ್ರು. ಒಂದು ತಾರೀಖು ಕೊಟ್ರು, ನೀನು ಯಾರದೋ ಬಾವಿ ಮೋಟರ್ ಸುಟ್ಟಿದೆ ಅಂತ ಹೋದೆ. ಇನ್ನೊಂದು ಕೊಟ್ರು, ಬೆಳಗ್ಗೆ ಎದ್ದು "ಇವತ್ತು ಮೈ ಹಗುರ ಇದೆ, ಏನೂ ಬೇಡ" ಅಂದೆ. ಈಗ ಸೋಮವಾರಕ್ಕೆ ಕೊಟ್ಟಿದಾರೆ. ಅದಕ್ಕೇ ನಾನು ಈ ಹೊತ್ತಲ್ಲಿ ಸೊಳ್ಳೆ ಕಚ್ಚಿಸ್ಕೊಂಡು ಕಲ್ಲಿನ ಮೇಲೆ ಕೂತು ಮಾತಾಡ್ತಿರೋದು.

ನೀನು ಮರೆತವನ ಹಾಗೆ ನಾಟಕ ಆಡ್ತೀಯ ಅಂತ ಗೊತ್ತು, ಅದಕ್ಕೇ ನಿನ್ನ ಮಾತನ್ನ ನಿನಗೇ ಒಪ್ಪಿಸ್ತೀನಿ, ಕೇಳಿಸ್ಕೋ. ಆಸ್ಪತ್ರೆಯಿಂದ ಬಂದ ದಿನ ನೀನು ಒಳಗೂ ಬರಲಿಲ್ಲ. ನಾವು ದೊಡ್ಡಪ್ಪ ಅಂತ ಕರೆಯೋ ಜೀಪಿನ ಮೂತಿಗೆ ಒರಗಿ ನಿಂತು, ಅಂಗೈಯಲ್ಲಿ ಅದರ ಬಾನೆಟ್ ತಟ್ಟಿ, ಎಲ್ಲರಿಗೂ ಕೇಳೋ ಹಾಗೆ ಅಂದೆ: "ಆ ಡಾಕ್ಟರ್ ಮೆಷಿನ್ನೂ ನಮ್ಮ ದೊಡ್ಡಪ್ಪನ ಮೀಟರೂ ಒಂದೇ ತಾಯಿ ಮಕ್ಕಳು. ಎರಡಕ್ಕೂ ಬಾಯಿ ಬಿಟ್ರೆ ಸುಳ್ಳು. ದೊಡ್ಡಪ್ಪನ ಪೆಟ್ರೋಲ್ ಮುಳ್ಳು ಯಾವತ್ತು ನಿಜ ಹೇಳುತ್ತೋ ಅವತ್ತು ನಾನಾಗೇ ಹೋಗಿ ಆಪರೇಷನ್ ಟೇಬಲ್ ಮೇಲೆ ಮಲಗ್ತೀನಿ, ಸಾಕಾ?" ಅಕ್ಕ ನಕ್ಕಳು, ಪಕ್ಕದ ಮನೆಯವರು ನಕ್ಕರು, ನೀನಂತೂ ನಿನ್ನ ಜೋಕಿಗೆ ನೀನೇ ಬಿದ್ದು ಬಿದ್ದು ನಕ್ಕೆ. ಅಮ್ಮ ನಗಲಿಲ್ಲ. ನಾನು ಅಮ್ಮನ ಮುಖ ನೋಡಿದೆ, "ಹಾಗಾದ್ರೆ ಜೀಪು ನನಗೆ ಕೊಡು" ಅಂದೆ. ನೀನು ಇನ್ನೂ ನಗ್ತಾನೇ "ತಗೊಂಡು ಹೋಗು ಪಾದರಸ, ನಮ್ಮಪ್ಪನಿಂದ ನನಗೆ ಬಂತು, ನನ್ನಿಂದ ನಿನಗೆ. ಎರಡು ತಲೆಮಾರಿಗೆ ಬಗ್ಗದ್ದು ನಿನಗೆ ಬಗ್ಗುತ್ತಾ ನೋಡ್ತೀನಿ" ಅಂದೆ. ನೋಡು ಮತ್ತೆ. ನಾನು ಕೆಲಸ ಮಾಡೋ ಗೋಡೌನಿನ ಸರಕನ್ನ ನಿಮ್ಮ ಕಡೆ ಇಳಿಸಿ ಖಾಲಿ ವಾಪಸ್ ಬರೋ ಲಾರಿಯವನನ್ನ ಕಾಡಿ ಬೇಡಿ, ಹಗ್ಗ ಬಿಗಿದು, ಅದನ್ನ ಇಲ್ಲೀವರೆಗೂ ತರಿಸಿದ್ದು ಷೋಕಿಗಲ್ಲ. ನಿನ್ನನ್ನ ಆ ಟೇಬಲ್ ಮೇಲೆ ಮಲಗಿಸೋಕೆ.

ಇಲ್ಲಿ ಮೊದಲನೇ ದಿನವೇ ಅವಾಂತರ ಆಯ್ತು, ನಿನಗೆ ಹೇಳೇ ಇಲ್ಲ. ಓನರ್ ಆಂಟಿ, ಅದೇ ನಮ್ಮ ಮನೆ ಓನರ್, ಕೆಳಗಡೆ ಹೊಲಿಗೆ ಅಂಗಡಿ ಇಟ್ಟಿರೋರು, ಅವರ ಹತ್ತಿರ ಹೋಗಿ "ಆಂಟಿ, ನಮ್ಮ ದೊಡ್ಡಪ್ಪ ಬರ್ತಿದಾರೆ, ಸ್ವಲ್ಪ ದಿನ ಹಿಂದಿನ ಶೆಡ್ಡಲ್ಲಿ ಇಟ್ಕೊಳ್ಲಾ?" ಅಂದೆ. ಪಾಪ, ಅವರ ಕೈಲಿದ್ದ ಕತ್ತರಿ ಹಾಗೇ ನಿಂತುಹೋಯ್ತು. "ಹಿರಿಯರನ್ನ ಶೆಡ್ಡಲ್ಲಿ ಇಡ್ತಾರೇನೇ? ಹೃದಯ ಇದೆಯಾ ನಿನಗೆ? ನಮ್ಮ ಹಾಲಲ್ಲಿ ಮಲಗ್ಲಿ!" ಅಂದ್ರು. ತಾತ ಹರಾಜಲ್ಲಿ ಹಿಡಿದು ಮನೆಗೆ ತಂದಾಗ ನೀನಿನ್ನೂ ಹುಟ್ಟಿರಲಿಲ್ಲ, ನಿನಗಿಂತ ದೊಡ್ಡದು, ಅದಕ್ಕೇ ನನಗೂ ಅಕ್ಕನಿಗೂ ಆ ಜೀಪು ದೊಡ್ಡಪ್ಪ ಅಂತ ವಿವರಿಸೋ ಹೊತ್ತಿಗೆ ನನಗೇ ಸಾಕಾಯ್ತು. ಕೊನೆಗೆ ಒಪ್ಪಂದ ಆಯ್ತು. ಶೆಡ್ಡು ನನಗೆ. ಅದರ ಬದಲು ಜೀಪು ಓಡೋ ಹಾಗಾದ ದಿನ, ಆಂಟಿ ದಿಬ್ಬದ ಮೇಲೆ ತೆಗೆಯೋ ಹೊಸ ಅಂಗಡಿಗೆ ಅವರ ಹೊಲಿಗೆ ಮೆಷಿನ್ನುಗಳನ್ನ ನಾನು ಸಾಗಿಸಬೇಕು. ಆ ದಿಬ್ಬದ ದಾರಿ ಹೇಗಿದೆ ಅಂದ್ರೆ, ಟೆಂಪೋದವರು ಕೆಳಗಡೆಯಿಂದ ತಲೆ ಎತ್ತಿ ನೋಡಿ ಕೈಮುಗಿದು ಹೋಗ್ತಾರೆ.

ಆಮೇಲೆ ಡಿಪೋ ಮಾವ ಸಿಕ್ಕಿದ್ರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು, ಎದುರು ಮನೆಯವರು. ಗೇಟಿಗೆ ಒರಗಿಕೊಂಡು, ಹಲ್ಲಲ್ಲಿ ಬೆಂಕಿಕಡ್ಡಿ ಕಚ್ಕೊಂಡು, ನಾನು ಮಾಡೋದನ್ನೆಲ್ಲಾ ನೋಡ್ತಾ ನಿಂತಿರ್ತಿದ್ರು. ಒಂದಿನ ನಾನು ಗೇರ್ ಲಿವರ್ ಜೊತೆ ಗುದ್ದಾಡ್ತಿದ್ದಾಗ "ಏನಮ್ಮಾ, ಅದನ್ನ ಬಿಚ್ತಿದೀಯೋ ಕುತ್ತಿಗೆ ಹಿಸುಕ್ತಿದೀಯೋ?" ಅಂದ್ರು. ನಾನೂ ಬಿಡಲಿಲ್ಲ, "ನೋಡಿ ನಗೋರಿಗೆ ಟಿಕೆಟ್ ಇದೆ, ಒಳಗೆ ಬಂದು ಸ್ಪ್ಯಾನರ್ ಹಿಡಿಯೋರಿಗೆ ಟೀ ಇದೆ" ಅಂದೆ. ಬಂದ್ರು. ಅವತ್ತಿನಿಂದ ಇವತ್ತಿನವರೆಗೆ ಇಬ್ಬರಿಗೂ ಒಂದು ದಿನವೂ ಜಗಳ ತಪ್ಪಿಲ್ಲ. ಅಪ್ಪಾ, ನೀನು ಅಂಗಳದಲ್ಲಿ ಟಾರ್ಪಾಲ್ ಹೊದಿಸಿ ನಿಲ್ಲಿಸಿದ್ದೆಯಲ್ಲ, ಅದರ ಕೆಳಗೆ ಏನೇನಿತ್ತು ಗೊತ್ತಾ? ಚಾಸಿಗೆ ಬೆರಳು ಒತ್ತಿದ್ರೆ ತುಕ್ಕು ಹಪ್ಪಳದ ಹಾಗೆ ಪುಡಿಯಾಗ್ತಿತ್ತು. ಕಾಲಿಡೋ ಜಾಗದ ತಗಡು ಅಂತ ನಾವು ತಿಳ್ಕೊಂಡಿದ್ದು ತಗಡೇ ಅಲ್ಲ, ನೀನು ಯಾವಾಗಲೋ ಒತ್ತಿಟ್ಟ ಹಳೇ ಅಂಗಡಿ ಬೋರ್ಡು! ತಿರುಗಿಸಿ ನೋಡಿದ್ರೆ ‘ಮೋಟಾರ್ ಪಂಪ್ ರಿಪೇ’ ಅಂತಿತ್ತು, ಉಳಿದ ಅಕ್ಷರ ತುಕ್ಕು ತಿಂದಿತ್ತು. ಡಿಪೋ ಮಾವ ಅದನ್ನ ಬಿಸಾಕು ಅಂದ್ರು. ಬಿಸಾಕಲಿಲ್ಲ, ಬೆಸುಗೆ ಹಾಕಿಸಿ ಅಲ್ಲೇ ಕೂರಿಸಿದೆ, ಅಕ್ಷರ ಮೇಲೆ ಬರೋ ಹಾಗೆ. ಬ್ರೇಕ್ ಪೈಪು ಹೊಸದು, ಕಾರ್ಬೊರೇಟರ್ ಬಿಚ್ಚಿ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿದೀನಿ, ಮುಂದಿನ ಚಕ್ರಕ್ಕೂ ಶಕ್ತಿ ಕೊಡೋ ಆ ಸಣ್ಣ ಲಿವರ್ ಇದೆಯಲ್ಲ, ನೀನು ಕಾಲಲ್ಲಿ ಒದ್ದು ಹಾಕ್ತಿದ್ದದ್ದು, ಅದು ಈಗ ಬೆರಳಲ್ಲಿ ತಳ್ಳಿದ್ರೆ ಬೀಳುತ್ತೆ. ಗೋಡೌನಲ್ಲಿ ಹಗಲೆಲ್ಲಾ ಫೋರ್ಕ್‌ಲಿಫ್ಟ್ ಓಡಿಸಿ ಬಂದು, ಬಟ್ಟೇನೂ ಬದಲಾಯಿಸದೆ ಶೆಡ್ಡಿಗೆ ನುಗ್ತಿದ್ದೆ. ಜೊತೆ ಕೆಲಸದವರು ಸಿನಿಮಾಗೆ ಕರೆದ್ರೆ "ದೊಡ್ಡಪ್ಪನಿಗೆ ಹುಷಾರಿಲ್ಲ" ಅಂತಿದ್ದೆ, ಅವರು ಪಾಪ ಹಣ್ಣು ಕೊಟ್ಟು ಕಳಿಸ್ತಿದ್ರು. ತಿಂದೆ. ಚೆನ್ನಾಗಿತ್ತು.

ಆದ್ರೆ ಇದೆಲ್ಲಾ ಸುತ್ತುಬಳಸು. ನನ್ನ ಕಣ್ಣಿದ್ದದ್ದು ಆ ಮುಳ್ಳಿನ ಮೇಲೆ. ತಾತ ತಂದ ದಿನದಿಂದ ಅದು ಖಾಲಿ ಅನ್ನೋ ಗೆರೆ ಮೇಲೆ ಮಲಗಿದ್ದು ಎದ್ದೇ ಇಲ್ಲ. ಟ್ಯಾಂಕ್ ತುಂಬಿ ತುಳುಕ್ತಿದ್ರೂ ಖಾಲಿ, ಒಣಗಿದ್ರೂ ಖಾಲಿ. ಅದಕ್ಕೇ ತಾತ ಕೋಲು ಮಾಡಿದ್ರಲ್ಲ. ಡ್ರೈವರ್ ಸೀಟು ಎತ್ತು, ಕೆಳಗಿರೋ ಟ್ಯಾಂಕಿನ ಮುಚ್ಚಳ ತಿರುಗಿಸು, ಕೋಲು ಇಳಿಸು, ಒದ್ದೆ ಎಲ್ಲೀವರೆಗೆ ಬಂತು ನೋಡು. ಅದರ ಮೇಲೆ ಲೀಟರ್ ಗುರುತಿಲ್ಲ, ಮೂರು ಕಚ್ಚು ಅಷ್ಟೇ. ಮೇಲಿನ ಕಚ್ಚಿಗೆ ಕಲ್ಲು ಕ್ವಾರಿಗೆ ಹೋಗಿ ಬರಬಹುದು, ನಡುವಿನದಕ್ಕೆ ಪೇಟೆಗೆ ಹೋಗಿ ಬರಬಹುದು, ಕೆಳಗಿನದಕ್ಕೆ ಸುಮ್ನೆ ಮನೆಗೆ ಹೋಗು. ನಮ್ಮ ಮನೇಲಿ ನಡೆಯೋಕೆ ಬಂದ ಮಕ್ಕಳೆಲ್ಲಾ ಆ ಕೋಲು ಇಳಿಸೋಕೆ ಕಲಿತವರೇ. ಮುಳ್ಳನ್ನ ಯಾರೂ ನೋಡ್ತಿರಲಿಲ್ಲ. ಹೊಸಬರು ಯಾರಾದ್ರೂ ಹತ್ತಿ "ಅಯ್ಯೋ, ಪೆಟ್ರೋಲಿಲ್ಲ" ಅಂದ್ರೆ ನೀನು ಹೇಳ್ತಿದ್ದದ್ದು ಒಂದೇ ಮಾತು: "ಅದು ಹಾಗೇನೇ."

ಟ್ಯಾಂಕ್ ಇಳಿಸಿ ನೋಡಿದಾಗ ಗೊತ್ತಾಯ್ತು. ಒಳಗಡೆ ಪೆಟ್ರೋಲಿನ ಮೇಲೆ ತೇಲೋಕೆ ಅಂತ ಒಂದು ಪುಟ್ಟ ಹಿತ್ತಾಳೆ ಡಬ್ಬಿ ಇರುತ್ತೆ, ಅದು ಎದ್ರೆ ಮುಳ್ಳು ಏಳಬೇಕು, ಅದು ಇಳಿದ್ರೆ ಮುಳ್ಳು ಇಳಿಯಬೇಕು. ನಮ್ಮದು ತೇಲ್ತಾನೇ ಇರಲಿಲ್ಲ ಅಪ್ಪಾ, ತಳ ಹಿಡಿದು ಕೂತುಬಿಟ್ಟಿತ್ತು. ಕಿವಿ ಹತ್ತಿರ ಅಲ್ಲಾಡಿಸಿದ್ರೆ ಒಳಗಡೆ ಗುಳುಗುಳು ಅಂತ ಶಬ್ದ. ಬಿಸಿನೀರಲ್ಲಿ ಮುಳುಗಿಸಿದೆ, ಒಂದು ಕಡೆಯಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಬಂತು. ಸೂಜಿ ಮೊನೆಯಷ್ಟು ತೂತು! ಎರಡು ತಲೆಮಾರಿಗೆ ಸುಳ್ಳು ಹೇಳಿಸಿದ್ದು ಅಷ್ಟು ಸಣ್ಣ ತೂತು. ಒಳಗಿನ ಪೆಟ್ರೋಲ್ ಪೂರ್ತಿ ಬಸಿದು, ಒಣಗಿಸಿ, ಬೆಸುಗೆ ಹಾಕೋಕೆ ಕೂತೆ. ಮೊದಲ ಸಲ ಜಾಸ್ತಿ ಬಿದ್ದು ಡಬ್ಬಿ ಭಾರ ಆಯ್ತು. ಎರಡನೇ ಸಲ ತೂತು ದೊಡ್ಡದಾಯ್ತು. ನಾನು ತಲೆ ಕೆಟ್ಟು ಸುತ್ತಿಗೆ ಎಸೆದೆ, ಅದು ಹೋಗಿ ಆಂಟಿಯ ಬಕೆಟ್ಟಿಗೆ ಬಿತ್ತು, ಆ ಕಥೆ ಬೇಡ. ಡಿಪೋ ಮಾವ ನನ್ನ ಮುಖ ನೋಡಿ ಕನಿಕರಪಟ್ಟು ಒಂದು ಉಪಾಯ ಹೇಳಿದ್ರು. ಡಬ್ಬಿಯ ಕಡ್ಡೀನ ಸ್ವಲ್ಪ ಬಗ್ಗಿಸಿ ಕಟ್ಟಿಬಿಟ್ರೆ ಮುಳ್ಳು ಯಾವಾಗಲೂ ಅರ್ಧಕ್ಕೇ ನಿಂತಿರುತ್ತೆ, ಒಂದು ವಿಡಿಯೋ ತೆಗೆದು ಕಳಿಸು, "ನಿಮ್ಮಪ್ಪ ಅಲ್ಲಿಂದ ಬಂದು ಕೋಲು ಹಾಕಿ ನೋಡ್ತಾರಾ?" ಅಂದ್ರು. ಸುಳ್ಳು ಹೇಳಲ್ಲ, ಒಂದು ಗಳಿಗೆ ಆಸೆಯಾಯ್ತು. ಕೈಯಲ್ಲಿ ಇಕ್ಕಳ ಹಿಡ್ಕೊಂಡೂ ಇದ್ದೆ. ಆದ್ರೆ ನಿನ್ನನ್ನ ಮಂಗ ಮಾಡಿ ಆ ಟೇಬಲ್ ಮೇಲೆ ಮಲಗಿಸಿದ್ರೆ, ಆಮೇಲೆ ನಿನ್ನ ಕಣ್ಣಿಗೆ ಕಣ್ಣು ಕೊಟ್ಟು ಹೇಗೆ ಮಾತಾಡಲಿ? ಅಂಗಡೀಲಿ ಹೊಸ ಮೀಟರ್ ಸಿಗುತ್ತೆ, ಅದನ್ನ ಕೂರಿಸು ಅಂತಲೂ ಅಂದ್ರು. ಅದೂ ಬೇಡ ಅಂದೆ. ನಮ್ಮಪ್ಪ ಕೇಳಿದ್ದು ದೊಡ್ಡಪ್ಪನ ಮುಳ್ಳು, ಬೇರೆಯವರದ್ದಲ್ಲ. ಮೂರನೇ ಸಲಕ್ಕೆ ಬೆಸುಗೆ ಕೂತಿತು. ತುಕ್ಕು ಹಿಡಿದ ವೈರು ಕಿತ್ತು ಬೇರೆ ಎಳೆದೆ. ಕ್ಯಾನಿಂದ ಪೆಟ್ರೋಲ್ ಹೊಯ್ದಾಗ, ಅಪ್ಪಾ, ಆ ಮುಳ್ಳು ನಿದ್ದೆಯಿಂದ ಎದ್ದವರ ಹಾಗೆ ಒಂದು ಸಲ ನಡುಗಿ, ಮೆಲ್ಲಗೆ ಮೇಲೆ ಬಂತು. ಕೋಲು ಹಾಕಿ ನೋಡಿದೆ, ಸರಿ ಇತ್ತು. ಇನ್ನಷ್ಟು ಹೊಯ್ದೆ, ಮತ್ತೆ ನೋಡಿದೆ, ಮತ್ತೆ ಸರಿ. ಶೆಡ್ಡಲ್ಲಿ ನಾನೂ ಡಿಪೋ ಮಾವನೂ ಕುಣಿದ್ವಿ. ಅವರು ಕುಣಿದ್ರು ಅಂತ ಅವರ ಮನೇಲಿ ಹೇಳಬಾರದಂತೆ. ಇನ್ನು ಕೋಲಿನ ಕೆಲಸ ಮುಗೀತು ಅಂತ ಅದನ್ನ ಒರೆಸಿ ಗೋಡೆ ಮೇಲೆ ಮೊಳೆಗೆ ತಗುಲಿಸಿದೆ, ದೊಡ್ಡವರ ಫೋಟೋ ಹಾಕೋ ಹಾಗೆ.

ಅವತ್ತೇ ನಿನಗೆ ಫೋನ್ ಮಾಡಿ ಗೆದ್ದೆ ಅಂತ ಕೂಗಬಹುದಿತ್ತು. ಓಡಿಸಿ ನೋಡದೆ ಹೇಳಬಾರದು ಅಂತ ಬಾಯಿ ಕಟ್ಕೊಂಡಿದ್ದೆ. ಇವತ್ತು ನನಗೆ ರಜ. ಬೆಳಗ್ಗೆಯಿಂದ ಆಂಟಿಯ ಮೆಷಿನ್ನು ಸಾಗಿಸೋ ಕೆಲಸ. ಮೊದಲ ಸಲ ದಿಬ್ಬ ಹತ್ತಿದಾಗ ದೊಡ್ಡಪ್ಪ ಗರ್ಜಿಸಿದ್ದು ಕೇಳಬೇಕಿತ್ತು ನೀನು, ಓಣಿ ನಾಯಿಗಳೆಲ್ಲಾ ದಾರಿ ಬಿಟ್ಟವು. ಕೆಳಗಿನ ಗೇರಲ್ಲಿ, ನಾಲ್ಕೂ ಚಕ್ರ ಎಳೀತಾ, ಕಲ್ಲು ಮಣ್ಣು ಅನ್ನದೆ ಹತ್ತಿತು. ಎರಡನೇ ಸಲವೂ ಹತ್ತಿತು. ಮೂರನೇ ಸಲಕ್ಕೆ ಆಂಟಿ ತಾವೇ ಹಿಂದೆ ಕೂತ್ರು, ಅವರಿಗೆ ತುಂಬಾ ಬೇಕಾದ ಹಳೇ ಮೆಷಿನ್ನನ್ನ ಮಗು ಹಾಗೆ ತಬ್ಬಿಕೊಂಡು. ಡಿಪೋ ಮಾವ ನನ್ನ ಪಕ್ಕ. ದಿಬ್ಬದ ಬುಡದಲ್ಲೇ ಅವರು ಹೇಳಿದ್ರು, "ಮುಳ್ಳು ಕೆಳಗೆ ಬಂದಿದೆಯಲ್ಲಮ್ಮಾ." ನಾನು ಏನಂದೆ ಗೊತ್ತಾ? ರಸ್ತೆ ಮೇಲಿಂದ ಕಣ್ಣೂ ತೆಗೀದೆ, ನಗ್ತಾ, ಥೇಟ್ ನಿನ್ನ ಧ್ವನಿಯಲ್ಲಿ ಅಂದೆ: "ಅದು ಹಾಗೇನೇ ಮಾವ, ಹುಟ್ಟಿದಾಗಿನಿಂದ!"

ನಡು ದಿಬ್ಬದಲ್ಲಿ ಎರಡು ಸಲ ಬಿಕ್ಕಳಿಸಿ ನಿಂತುಹೋಯ್ತು. ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ಬಾನೆಟ್ ಎತ್ತಿ ಪ್ಲಗ್ಗು ಬಿಚ್ಚಿ ಒರೆಸಿದೆ. ಕಾರ್ಬೊರೇಟರಿಗೆ ಕಸ ಬಂದಿರಬೇಕು ಅಂತ ಅದನ್ನ ಬಿಚ್ಚಿದೆ, ಕಸ ಇಲ್ಲ. ಬ್ಯಾಟರಿ ವೈರು ಎಳೆದು ನೋಡಿದೆ, ಮೊಣಕೈ ಕೆತ್ತಿಕೊಂಡಿದ್ದು ಅಲ್ಲೇ. ಕೊನೆಗೆ ಪೆಟ್ರೋಲ್ ಎಳೆಯೋ ಪಂಪೇ ಹಾಳಾಗಿದೆ, ಅದನ್ನ ಮಾರಿದ ಅಂಗಡಿಯವನು ಟೋಪಿ ಹಾಕಿದ ಅಂತ ಬಾಯಿಗೆ ಬಂದ ಹಾಗೆ ಬೈದೆ. ಮೇಲಿಂದ ಕೆಳಗಿಂದ ಬಂದ ಬೈಕುಗಳೆಲ್ಲಾ ಹಾರ್ನು. ಡಿಪೋ ಮಾವ ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತು ನೋಡ್ತಿದ್ರು, ಬಾಯಲ್ಲಿ ಬೆಂಕಿಕಡ್ಡಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಬಿಸಿಲು ನೆತ್ತಿಗೇರಿತು. ಆಂಟಿಗೆ ತಡೆಯೋಕಾಗಲಿಲ್ಲ. ಹಿಂದಿನಿಂದ ಕತ್ತು ಚಾಚಿ, "ಏನೇ ಹುಡುಗೀ, ಈ ಗಡಿಯಾರ ಖಾಲಿ ಅಂತ ತೋರಿಸ್ತಿದೆಯಲ್ಲ, ಖಾಲಿ ಅಂದ್ರೆ ಖಾಲಿ ಅಲ್ವೇನೇ?" ಅಂದ್ರು. ನಾನು ಇನ್ನೂ "ಅಯ್ಯೋ ಆಂಟಿ, ಅದು ಹಾಗೇ…" ಅಂತ ಬಾಯಿ ತೆರೆದವಳು ಅಲ್ಲೇ ನಿಂತುಬಿಟ್ಟೆ. ಸೀಟು ಎತ್ತಿ ಮುಚ್ಚಳ ತಿರುಗಿಸಿ ಟಾರ್ಚ್ ಬಿಟ್ಟೆ. ಟ್ಯಾಂಕಿನ ತಳ ಫಳಫಳ ಹೊಳೀತಿತ್ತು. ಒಂದು ಹನಿ ಇಲ್ಲ. ಡಿಪೋ ಮಾವನ ಕೆಮ್ಮು ಶುರುವಾಗಿದ್ದು ಆಗ. ಆಂಟಿಯ ಮಾತು ಶುರುವಾಗಿದ್ದೂ ಆಗಲೇ: "ನೀನೇ ರಿಪೇರಿ ಮಾಡಿದ್ದು, ನೀನೇ ನಂಬಲ್ಲ ಅಂದ್ರೆ ಏನರ್ಥ? ನನ್ನನ್ನ ಈ ಬಿಸಿಲಲ್ಲಿ ಒಣಗಿಸೋಕೆ ಕರ್ಕೊಂಡು ಬಂದ್ಯಾ?"

ಪೆಟ್ರೋಲಿಗೆ ಕ್ಯಾನ್ ಹಿಡ್ಕೊಂಡು ದಿಬ್ಬ ಇಳಿಯುವಾಗ ದಾರಿಯುದ್ದಕ್ಕೂ ನಿನ್ನ ಜೊತೆ ಮನಸ್ಸಲ್ಲೇ ಜಗಳ ಆಡ್ತಿದ್ದೆ ಅಪ್ಪಾ. ಆ ಡಬ್ಬೀನ ಮೂರು ಸಲ ಬೆಸೆದ ಕೈ ಇದೇ. ಮುಳ್ಳು ಎದ್ದಾಗ ಕುಣಿದ ಕಾಲೂ ಇದೇ. ಆದ್ರೂ ಅದು ಖಾಲಿ ಅಂತ ಹೇಳಿದಾಗ ನನಗೆ ಕೇಳಿಸಲೇ ಇಲ್ಲ. ಪ್ಲಗ್ಗು ಸುಳ್ಳು, ಪಂಪು ಸುಳ್ಳು, ಅಂಗಡಿಯವನು ಕಳ್ಳ, ಎಲ್ಲರ ಮೇಲೂ ಅನುಮಾನ ಪಟ್ಟೆ, ಒಂದೇ ಒಂದು ಕಡೆ ನೋಡಲಿಲ್ಲ. ಮುಳ್ಳು ಕೆಟ್ಟಿದ್ದಕ್ಕಲ್ಲ ಅದು. ನಾವು ಅದನ್ನ ನೋಡೋದನ್ನ ಬಿಟ್ಟು ಎಷ್ಟು ಕಾಲ ಆಗಿತ್ತು ಅಂದ್ರೆ, ಅದು ಸರಿಹೋದ್ರೂ ನಮಗೆ ಗೊತ್ತಾಗಲ್ಲ. ನೀನು ಮೋಟರ್ ಮೇಲೆ ಅಂಗೈ ಇಟ್ಟು ಬೇರಿಂಗ್ ಹೋಗಿದೆ ಅಂತೀಯ, ಅದು ಯಾವತ್ತೂ ತಪ್ಪಾಗಿಲ್ಲ, ನಾನೇ ಸಾಕ್ಷಿ. ಆದ್ರೆ ಅದೇ ಅಂಗೈ ನಿನ್ನ ಎದೆ ಮೇಲೆ ಇಟ್ಕೊಂಡು "ಓಡ್ತಿದೆ, ಸರಿ ಇದೆ" ಅಂತೀಯಲ್ಲ, ದೊಡ್ಡಪ್ಪನೂ ನಡು ದಿಬ್ಬದವರೆಗೆ ಚೆನ್ನಾಗೇ ಓಡ್ತಿತ್ತು. ಮೆಟ್ಟಿಲಲ್ಲಿ ಉಸಿರು ಕಟ್ಟಿದ್ರೆ ಅದು ಹಾಗೇನೇ. ಎಡಗೈ ಜೋಮು ಹಿಡಿದ್ರೆ ಅದು ಹಾಗೇನೇ. ಊಟ ಆದ್ಮೇಲೆ ಎದೆ ಹಿಡ್ಕೊಂಡ್ರೆ ಗ್ಯಾಸು, ಅದೂ ಹಾಗೇನೇ. ನನಗೆ ನಿಂತಿದ್ದು ಜೀಪು, ಕ್ಯಾನ್ ಹಿಡ್ಕೊಂಡು ಬಂಕಿಗೆ ಹೋದೆ, ತಂದೆ, ಹೊಯ್ದೆ. ನಿನಗೆ ನಿಂತ್ರೆ ನಾನು ಯಾವ ಬಂಕಿಗೆ ಹೋಗಲಿ ಹೇಳು?

ಇದನ್ನ ನಿನಗೆ ಹೇಳದೇ ಇರಬಹುದಿತ್ತು. "ಮುಳ್ಳು ಸರಿಯಾಯ್ತು, ಗೆದ್ದೆ" ಅಂತ ಮೀಸೆ ತಿರುವಿದ್ರೆ ಸಾಕಿತ್ತು. ಈಗ ನೀನು ಅಮ್ಮನ ಹತ್ತಿರ, ಅಂಗಡಿಗೆ ಬರೋ ಗಿರಾಕಿಗಳ ಹತ್ತಿರ, ನನ್ನ ಮಗಳು ಪೆಟ್ರೋಲಿಲ್ಲದೆ ಪ್ಲಗ್ಗು ಬಿಚ್ಚಿದಳು ಅಂತ ತಿಂಗಳುಗಟ್ಟಲೆ ಹೇಳ್ಕೊಂಡು ನಗ್ತೀಯ. ನಗು. ಹೊಟ್ಟೆ ತುಂಬಾ ನಗು. ಆದ್ರೆ ಮುಳ್ಳು ಹೇಳಿದ್ದು ನಿಜ, ನಿನ್ನ ಮಗಳು ಅಂದಿದ್ದು ಸುಳ್ಳು, ಅದಕ್ಕೆ ಬೀದೀಲಿ ಹಾರ್ನು ಹೊಡೆದ ಅಷ್ಟೂ ಜನ ಸಾಕ್ಷಿ. ನೀನು ಹಾಕಿದ ಷರತ್ತು ಪೂರ್ತಿಯಾಯ್ತು. ಮಾತು ಆಡಿದವನು ನೀನು, ಜೀಪಿನ ಮೇಲೆ ಕೈ ಇಟ್ಟು ಆಡಿದ್ದು. ನೀನು ಗಿರಾಕಿಗಳಿಗೆ ಇವತ್ತು ಕೊಡ್ತೀನಿ ಅಂದ ಪಂಪನ್ನ ನಾಳೆ ಕೊಟ್ಟವನಲ್ಲ, ನನಗೂ ಹಾಗೇ ನಡ್ಕೋ. ಸೋಮವಾರ.

ಅಮ್ಮನಿಗೆ ಮಂಡಿಗೆ ಎಣ್ಣೆ ಹಚ್ಕೋ ಅಂತ ಹೇಳು, ನಾನು ಸರಿಯಾಗಿ ಊಟ ಮಾಡ್ತಿದೀನಿ ಅಂತಲೂ ಹೇಳು, ನಂಬಲ್ಲ, ಆದ್ರೂ ಹೇಳು. ಅಕ್ಕನಿಗೆ ನನ್ನ ದಿಂಬಿನ ವಿಷಯ ಮರೀಬೇಡ. ನಿನ್ನ ಆಶೀರ್ವಾದ ದೊಡ್ಡಪ್ಪನ ಮೇಲೂ ಇರಲಿ, ಅದಕ್ಕೂ ಬೇಕು, ನನಗೂ ಬೇಕು.

ಇಂತಿ ನಿನ್ನ,
ಪಾದರಸ

ಅಪ್ಪಾ, ಫೋನ್ ಕೆಳಗಿಡಬೇಡ, ಇನ್ನೊಂದು ತುಂಡಿದೆ. ಬ್ಯಾಟರಿ ಕೆಂಪಗಾಗಿದೆ, ಬೇಗ ಹೇಳಿಬಿಡ್ತೀನಿ. ಮಂಗಳವಾರ ಬಾವಿ ಕಟ್ಟೆ ಹತ್ತಿರ ಏನಾಯ್ತು ಅಂತ ನನಗೆ ಗೊತ್ತು. ಮೋಟರ್ ಎತ್ತೋಕೆ ಬಗ್ಗಿದವನು ಹಾಗೇ ಕುಸಿದು ಕೂತ್ಯಂತೆ, ಅಂಗಿ ಹಿಂಡೋ ಹಾಗೆ ಬೆವರಿತ್ತಂತೆ, ಆಮೇಲೆ ಅಮ್ಮನ ಕೈಲಿ ನನಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡ್ಯಂತೆ. ಅಮ್ಮ ಆಣೆ ಮುರಿದಳು. ಅವಳನ್ನ ಬೈದ್ರೆ ನನ್ನಾಣೆ. ಈ ಷರತ್ತು, ಗೆಲ್ಲೋದು, ಸೋಲೋದು, ನನಗೆ ಯಾವುದೂ ಬೇಡ ಅಪ್ಪಾ, ನನಗೆ ನೀನು ಬೇಕು. ನನಗೆ ಹೆದರಿಕೆ ಆಗ್ತಿದೆ. ಗೋಡೌನಲ್ಲಿ ರಜ ಹೇಳಿ ಆಯ್ತು. ಶನಿವಾರ ಬೆಳಕು ಹರಿಯೋ ಮೊದಲು ದೊಡ್ಡಪ್ಪನ್ನ ಓಡಿಸ್ಕೊಂಡು ಹೊರಡ್ತೀನಿ. ಅಷ್ಟು ದೂರ ಒಬ್ಬಳನ್ನೇ ಬಿಡಲ್ಲ ಅಂತ ಡಿಪೋ ಮಾವನೂ ಬ್ಯಾಗ್ ಕಟ್ಟಿದಾರೆ, ಬೈಕೊಂಡೇ ಕಟ್ಟಿದಾರೆ. ಭಾನುವಾರ ಮನೇಲಿರ್ತೀನಿ. ಸೋಮವಾರ ನೀನು ಆಸ್ಪತ್ರೆಗೆ ಹೋಗೋದು ನನ್ನ ಪಕ್ಕದ ಸೀಟಲ್ಲಿ ಕೂತು, ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ಬರ್ತೀನಿ ಅಂತ ನಿನ್ನ ಬಾಯಲ್ಲಿ ಒಂದು ಸಲ ಕೇಳಬೇಕು, ಆ ಹೂಂ ಅಲ್ಲ, ಪೂರ್ತಿ ಮಾತು. ನಾಳೆ ಏಳಕ್ಕೆ ನನ್ನ ಶಿಫ್ಟು, ಒಳಗೆ ಹೋದ್ಮೇಲೆ ಫೋನ್ ಇಸ್ಕೊಂಡುಬಿಡ್ತಾರೆ. ಅಂಗಡಿ ಬಾಗಿಲು ತೆಗೆಯೋ ಮೊದಲು, ಆರೂವರೆಗೆ ಫೋನ್ ಮಾಡು.